ನಾವು ಎಲ್ಲಿದ್ದೇವೆ ಅಂತ ಆ ಕಲ್ಲಿನ ಮೇಲೆ ಬರೆಸಿ: ರಸ್ತೆ ನೋಡಿಕೊಳ್ಳುವವರಿಗೊಂದು ಬಹಿರಂಗ ಪತ್ರ

ರಸ್ತೆ ನೋಡಿಕೊಳ್ಳುವ ಸಾಹೇಬರಿಗೆ ನಮಸ್ಕಾರ.

ಸಾಹೇಬರಿಗೆ ಅಂತ ಬರೆದೆ, ಯಾವ ಸಾಹೇಬರಿಗೆ ಅಂತ ನನಗೂ ಗೊತ್ತಿಲ್ಲ. ಮೂರು ಆಫೀಸಿಗೆ ಹೋಗಿ ಕೇಳಿದೆ. ಒಂದು ಕಡೆ "ಆ ರಸ್ತೆ ನಮ್ಮದಲ್ಲ" ಅಂದರು. ಇನ್ನೊಂದು ಕಡೆ "ಅರ್ಧ ನಮ್ಮದು, ಆದರೆ ನೀವು ಹೇಳುತ್ತಿರುವ ಅರ್ಧ ಅಲ್ಲ" ಅಂದರು. ಮೂರನೇ ಕಡೆ ಎಲ್ಲರೂ ಊಟಕ್ಕೆ ಹೋಗಿದ್ದರು. ಅದಕ್ಕೇ ಲಕೋಟೆಗೆ ಹಾಕದೆ ಹೀಗೆ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆಯುತ್ತಿದ್ದೇನೆ. ಇದು ನಮಗೇ ಅನ್ನಿಸಿದವರು ಓದಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ಇದು ನಗರ ಅನ್ನುವ ಊರಿಂದ ತೀರ್ಥಹಳ್ಳಿಗೆ ಬರುವ ರಸ್ತೆಯ ಕಿಲೋಮೀಟರ್ ಕಲ್ಲುಗಳ ಬಗ್ಗೆ, ಗುಂಡಿ ಬಗ್ಗೆ ಅಲ್ಲ. ಗುಂಡಿ ಬಗ್ಗೆ ಬರೆದು ಬರೆದು ನಮ್ಮ ಕಡೆಯವರ ಪೆನ್ನೇ ಖಾಲಿಯಾಗಿದೆ. ಆ ರಸ್ತೆಯಲ್ಲಿ ಒಂದು ಸಂಜೆ ನಮ್ಮ ಕಾರು ಕೆಟ್ಟು ನಿಂತಿತು, ಅದಕ್ಕೂ ನಿಮ್ಮನ್ನು ದೂರುತ್ತಿಲ್ಲ. ಅದು ಪೂರ್ತಿ ನಮ್ಮ ಗೌಡನ ತಪ್ಪು. ಹನ್ನೆರಡು ವರ್ಷದ ಹಳೇ ಕಾರು, ರೇಡಿಯೇಟರ್ ಪೈಪು ಬಿರುಕು ಬಿಟ್ಟಿದೆ ಅಂತ ಮೆಕ್ಯಾನಿಕ್ ಗಣೇಶನ ಹಬ್ಬದ ಹೊತ್ತಿಗೇ ಹೇಳಿದ್ದನಂತೆ. ದೀಪಾವಳಿ ಕಳೆಯಲಿ ಅಂದ. ದೀಪಾವಳಿ ಕಳೆದು ತಿಂಗಳಾಯಿತು, ಪೈಪು ಬದಲಾಗಲಿಲ್ಲ.

ನಾವು ನಾಲ್ವರು, ಗೌಡ, ಭಟ್ಟ, ಶೆಟ್ಟಿ ಮತ್ತು ನಾನು. ತೀರ್ಥಹಳ್ಳಿಯಲ್ಲಿ ಒಂದೇ ಹಾಸ್ಟೆಲ್ಲಿನಲ್ಲಿ ಬೆಳೆದವರು. ಹೆಸರಿಟ್ಟು ಕರೆದು ಅಭ್ಯಾಸವೇ ಇಲ್ಲ. ವರ್ಷಕ್ಕೊಂದು ಸಲ ಎಲ್ಲಾದರೂ ಹೋಗುತ್ತೇವೆ, ಹೋದ ಕಡೆಯಲ್ಲೆಲ್ಲ ಜಗಳ ಆಡುತ್ತೇವೆ. ಈ ಸಲ ಭಟ್ಟನ ಸರದಿ. ಅವನಿಗೆ ಹಳೇ ಶಾಸನ ಓದುವ ಹುಚ್ಚು. "ಕೆಳದಿ ಮ್ಯೂಸಿಯಂ ನೋಡೋಣ, ಬರುವಾಗ ನಾಯಕರ ರಾಜಧಾನಿಗಳನ್ನೆಲ್ಲ ಸಾಲಾಗಿ ನೋಡಿಕೊಂಡು ಬರೋಣ" ಅಂದ. ಶೆಟ್ಟಿಗೆ ಜೋಗಕ್ಕೆ ಹೋಗಬೇಕಿತ್ತು. ಸೋತ.

ಕೆಳದಿ ನೋಡದವರಿಗೆ ಎರಡು ಮಾತು. ಸಾಗರದಿಂದ ಹತ್ತು ಕಿಲೋಮೀಟರ್ ಒಳಗೇ ಇರುವ ಸಣ್ಣ ಊರು. ರಾಮೇಶ್ವರ, ವೀರಭದ್ರ ದೇವಸ್ಥಾನ ಇದೆ. ವೀರಭದ್ರನ ಗುಡಿಯಲ್ಲಿ ತಲೆ ಎತ್ತಿ ನೋಡಿದರೆ ಛಾವಣಿಯಲ್ಲಿ ಗಂಡಭೇರುಂಡ, ಆನೆ ಸಿಂಹಗಳನ್ನೆಲ್ಲ ಕೊಕ್ಕಿನಲ್ಲಿ, ಉಗುರಲ್ಲಿ ಹಿಡಿದುಕೊಂಡು ಕೂತಿದೆ. ಮ್ಯೂಸಿಯಂ ಅಲ್ಲೇ ಊರಲ್ಲೇ. ಬೆಳೆಸಿದವರು ಕೆಳದಿ ಗುಂಡಾ ಜೋಯಿಸರು. ತಾಳೆಗರಿ ಕಟ್ಟುಗಳು, ತಾಮ್ರಪತ್ರ, ನಾಣ್ಯ, ಕತ್ತಿ, ಹಳೇ ಕಾಗದಗಳು. ತಾಳೆಗರಿಯಲ್ಲಿ ಬಹಳಷ್ಟು ತಿಗಳಾರಿ ಲಿಪಿಯಲ್ಲಿವೆ, ನಮಗೆ ಇರುವೆ ಸಾಲಿನ ಹಾಗೆ ಕಂಡಿತು. ಭಟ್ಟ ಮಾತ್ರ ಗಾಜಿಗೆ ಮೂಗು ಒತ್ತಿಕೊಂಡು ನಿಂತವನು ಕದಲಲಿಲ್ಲ.

ಅವನು ಹೇಳಿದ್ದರಲ್ಲಿ ಒಂದು ಮಾತು ನನಗೆ ಹಿಡಿಸಿತು. ಆ ಕಾಲದಲ್ಲಿ ಯಾರಿಗಾದರೂ ಭೂಮಿ ದಾನ ಕೊಟ್ಟರೆ ಬರೀ "ಇಂಥವರಿಗೆ ಇಷ್ಟು ಗದ್ದೆ ಕೊಟ್ಟೆವು" ಅಂತ ಬರೆದು ಬಿಡುತ್ತಿರಲಿಲ್ಲವಂತೆ. ಮೂಡಲು ಯಾವ ಹಳ್ಳ, ತೆಂಕಲು ಯಾರ ತೋಟ, ಪಡುವಲು ಯಾವ ಮರ, ಬಡಗಲು ಯಾವ ಬಂಡೆ ಅಂತ ನಾಲ್ಕೂ ದಿಕ್ಕಿನ ಗಡಿ ಬರೆಯುತ್ತಿದ್ದರು. ಅದೂ ಸಾಲದು ಅಂತ ಗಡಿಯಲ್ಲಿ ಕಲ್ಲು ನೆಡುತ್ತಿದ್ದರು. ಶಿವನಿಗೆ ಸಂಬಂಧಪಟ್ಟ ಭೂಮಿಗೆ ಲಿಂಗಮುದ್ರೆ ಕಲ್ಲು, ವಿಷ್ಣುವಿಗೆ ಸಂಬಂಧಪಟ್ಟದ್ದಕ್ಕೆ ವಾಮನಮುದ್ರೆ ಕಲ್ಲು. ಓದಲು ಬಾರದವನಿಗೂ ಕಲ್ಲು ನೋಡಿದರೆ ತಾನು ಎಲ್ಲಿ ನಿಂತಿದ್ದೇನೆ ಅಂತ ಗೊತ್ತಾಗಬೇಕು. ಅಷ್ಟೇ ಲೆಕ್ಕ.

ಶೆಟ್ಟಿ "ಹಸಿವಾಗ್ತಿದೆ" ಅಂದ. ಸಾಗರದಲ್ಲಿ ಊಟ ಮಾಡಿ ಇಕ್ಕೇರಿಗೆ ಹೋದೆವು.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಬಗ್ಗೆ ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ. ಎರಡು ವಿಷಯ ಮಾತ್ರ ಹೇಳುತ್ತೇನೆ, ಯಾಕೆಂದರೆ ಅವು ನಿಮ್ಮ ಇಲಾಖೆಗೆ ಸಂಬಂಧಪಟ್ಟಿವೆ. ಒಂದು, ಗರ್ಭಗುಡಿಯ ಎದುರು ನೆಲದ ಮೇಲೆ ದೇವರಿಗೆ ಅಡ್ಡಬಿದ್ದಿರುವ ಮೂವರು ನಾಯಕರ ಆಕೃತಿ ಕೊರೆದಿದ್ದಾರೆ, ಹೆಸರು ಸಮೇತ. ಜನ ಓಡಾಡುವ ನೆಲ. ಆದರೂ ಯಾರು ಯಾರು ಅಂತ ಬರೆದಿದ್ದಾರೆ ನೋಡಿ. ಎರಡು, ಅಲ್ಲಿನ ಕಂಬಗಳ ನಡುವಿನ ಅಂತರವನ್ನೇ ತೋಟ ಅಳೆಯುವ ಅಳತೆ ಅಂತ ಇಟ್ಟುಕೊಂಡಿದ್ದರಂತೆ. 18 ಅಡಿ 6 ಇಂಚು. ಅದಕ್ಕೆ ದಾಯ ಅಂತ ಹೆಸರು. ಒಂದು ಮರಕ್ಕೆ ಉದ್ದ ಅಗಲ ಒಂದೊಂದು ದಾಯದಷ್ಟು ಜಾಗ, ಅದರ ಮೇಲೆ ಕಂದಾಯದ ಲೆಕ್ಕ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಶಿಸ್ತು ಅಂತ ನಾವು ಶಾಲೆಯಲ್ಲಿ ಓದಿದ್ದು ಇದೇ ಕಂದಾಯದ ಏರ್ಪಾಡು. ಅಳತೆಗೋಲು ಅಧಿಕಾರಿಯ ಮನೆಯ ಅಟ್ಟದಲ್ಲಿರಲಿಲ್ಲ, ದೇವಸ್ಥಾನದ ಮಧ್ಯೆ ನಿಂತಿತ್ತು. ಅನುಮಾನ ಇದ್ದವನು ಹೋಗಿ ಅಳೆದುಕೊಳ್ಳಬಹುದಿತ್ತು. ಗೌಡ ಹೆಜ್ಜೆ ಹಾಕಿ ಅಳೆದ. ಅವನ ಲೆಕ್ಕಕ್ಕೆ ಇಪ್ಪತ್ತೆರಡು ಅಡಿ ಬಂತು. ಅವನ ಹೆಜ್ಜೆಯೂ ಅವನ ಕಾರಿನ ಹಾಗೇ.

ಅಲ್ಲಿಂದ ಹೊಸನಗರ, ಆಮೇಲೆ ನಗರ. ಹೊಸಬರಿಗೆ ಗೊಂದಲ ಆಗುತ್ತದೆ, ಈ ನಗರವೇ ನಾಯಕರ ರಾಜಧಾನಿಯಾಗಿದ್ದ ಹಳೇ ಬಿದನೂರು. 1763ರಲ್ಲಿ ಹೈದರಾಲಿ ಗೆದ್ದು ಹೈದರ್‌ನಗರ ಅಂದ. ಹೈದರ್ ಹೋಗಿ ನಗರ ಉಳಿಯಿತು. ಕೋಟೆ ರಸ್ತೆ ಪಕ್ಕದಲ್ಲೇ. ಹತ್ತಿ ಇಳಿಯುವಷ್ಟರಲ್ಲಿ ಸಂಜೆ ಐದೂವರೆ. ಇನ್ನು ಕವಲೇದುರ್ಗದ ಮೇಲೆ ಹಾದು ತೀರ್ಥಹಳ್ಳಿ, ಮನೆ. ಡಿಸೆಂಬರ್ ತಿಂಗಳು, ಬೆಳಕು ಬೇಗ ಹೋಗುತ್ತದೆ.

ನಗರ ಬಿಟ್ಟು ಎಷ್ಟು ದೂರ ಬಂದಿದ್ದೆವೋ ಗೊತ್ತಿಲ್ಲ. "ಗೊತ್ತಿಲ್ಲ" ಅನ್ನುವುದೇ ಈ ಪತ್ರದ ವಿಷಯ. ಒಂದು ಏರು. ಸೆಕೆಂಡ್ ಗೇರ್, ಒಳಗೆ ನಾಲ್ಕು ಜನ, ಎ.ಸಿ. ಹಾಕಿತ್ತು, ಯಾಕೆಂದರೆ ಶೆಟ್ಟಿಗೆ ಡಿಸೆಂಬರಲ್ಲೂ ಸೆಕೆ. ಸುಟ್ಟ ಬೆಲ್ಲದ ಹಾಗೆ ಒಂಥರಾ ಸಿಹಿ ವಾಸನೆ ಬಂತು. ಭಟ್ಟ "ಯಾವುದೋ ಆಲೆಮನೆ ಇರಬೇಕು" ಅಂದ. ಆಲೆಮನೆ ಅಲ್ಲ, ಎಂಜಿನ್ ತಂಪು ಮಾಡುವ ನಮ್ಮ ಕೂಲೆಂಟು. ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು, ಬಾನೆಟ್ ಸಂದಿಯಿಂದ ಹಬೆ. ಗೌಡ ಹೇಗೋ ಎಡಕ್ಕೆ ತಂದು ನಿಲ್ಲಿಸಿದ.

ಇಳಿದ ಕೂಡಲೇ ಶೆಟ್ಟಿ ಮಾಡಲು ಹೋದ ಕೆಲಸ ರೇಡಿಯೇಟರ್ ಮುಚ್ಚಳ ಬಿಚ್ಚುವುದು, ಕೈಗೆ ಟವೆಲ್ ಸುತ್ತಿಕೊಂಡು, ಬಾಯಲ್ಲಿ "ನೀರು ಹಾಕಿದ್ರೆ ಸರಿಹೋಗ್ತದೆ ಬಿಡ್ರೋ" ಅನ್ನುತ್ತಾ. ಭಟ್ಟ ಅವನ ಕೈ ಹಿಡಿದುಕೊಂಡ, ಅಷ್ಟರಲ್ಲಿ ಇಬ್ಬರಿಗೂ ಜಗಳ ಶುರುವಾಯಿತು. ಆ ಜಗಳವೇ ಶೆಟ್ಟಿಯ ಮುಖ ಉಳಿಸಿದ್ದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಫೋನ್ ತೆಗೆದೆವು. ನಾಲ್ಕು ಫೋನು, ಮೂರು ಕಂಪನಿ, ಒಂದರಲ್ಲೂ ಒಂದು ಕಡ್ಡಿ ಇಲ್ಲ. ತುರ್ತು ನಂಬರ್ 112ಕ್ಕೆ ಮಾಡಿದರೆ ಯಾವ ಕಂಪನಿ ಟವರ್ ಸಿಕ್ಕರೂ ಹೋಗುತ್ತದೆ ಅಂತಾರೆ, ಅದು ನಿಜ. ಆದರೆ ಯಾವುದಾದರೂ ಒಂದು ಟವರ್ ಸಿಗಬೇಕಲ್ಲ. ಮ್ಯಾಪ್ ತೆಗೆದರೆ ಬೂದು ಬಣ್ಣದ ಮೇಲೆ ಒಂದು ನೀಲಿ ಚುಕ್ಕೆ. ಊರಿಲ್ಲ, ರಸ್ತೆಯಿಲ್ಲ, ಬರೀ ಚುಕ್ಕೆ. ಉಪಗ್ರಹಕ್ಕೆ ನಾವು ಎಲ್ಲಿದ್ದೇವೆ ಅಂತ ಗೊತ್ತು, ನಮಗೆ ಗೊತ್ತಿಲ್ಲ.

ನಾನೂ ಗೌಡನೂ ಮುಂದಕ್ಕೆ ನಡೆದೆವು. ನಮ್ಮ ಕಡೆ ಹುಟ್ಟಿದವರಿಗೆ ಇದು ಗೊತ್ತಿರುತ್ತದೆ, ಪ್ರತಿ ಊರಲ್ಲೂ ನೆಟ್‌ವರ್ಕ್ ಸಿಗುವ ಒಂದು ಬಂಡೆಯೋ ದಿಬ್ಬವೋ ಇರುತ್ತದೆ, ಕೊರೊನಾ ವರ್ಷ ಮಕ್ಕಳು ಕೊಡೆ ಹಿಡಿದು ಅಂಥ ಕಡೆಯೇ ಕೂತು ಪಾಠ ಕೇಳಿದ್ದು. ನಡೆದೆವು, ಒಂದು ತಿರುವಿನಲ್ಲಿ ಎರಡು ಕಡ್ಡಿ ಬಂತು. ಗೌಡ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ. ಆ ಮಾತುಕತೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ನೀವು ಓದಲೇಬೇಕು.

"ಎಲ್ಲಿದ್ದೀರಿ?"

"ನಗರ ದಾಟಿ ಬಂದಿದೀವಿ."

"ದಾಟಿ ಅಂದ್ರೆ ಎಷ್ಟು?"

"ಒಂದು ಏರು ಇದೆ. ಆಮೇಲೆ ತಿರುವು. ಬಲಗಡೆ ಕಾಡು."

"ಮಾರಾಯ್ರೆ, ನಗರ ದಾಟಿದ ಮೇಲೆ ಎಲ್ಲಾ ತಿರುವೇ, ಎಲ್ಲಾ ಕಾಡೇ. ಅಲ್ಲಿ ಎಂತ ಬರ್ದಿದೆ ನೋಡಿ."

ನೋಡಿದೆವು. ಒಂದು ಹೋಂಸ್ಟೇ ಬೋರ್ಡು, ಬಾಣದ ಗುರುತು, 12 ಕಿ.ಮೀ. ಅದರ ಪಕ್ಕ ಇನ್ನೊಂದು ಹೋಂಸ್ಟೇ, 9 ಕಿ.ಮೀ. ಯಾರದೋ ಹುಟ್ಟುಹಬ್ಬದ ಫ್ಲೆಕ್ಸು, ಹುಟ್ಟುಹಬ್ಬ ಕಳೆದು ಒಂದು ಮಳೆಗಾಲ ಆಗಿದೆ. ಈಜುಕೊಳ ಇರುವ ಮನೆ ಎಷ್ಟು ದೂರ ಅಂತ ಆ ಕಾಡಿಗೆ ಗೊತ್ತು. ನಾವು ಯಾವ ಊರಿನ ಗಡಿಯಲ್ಲಿ ನಿಂತಿದ್ದೇವೆ ಅಂತ ಗೊತ್ತಿಲ್ಲ.

ಕಿಲೋಮೀಟರ್ ಕಲ್ಲು ಇರಲಿಲ್ಲ ಅಂತ ಹೇಳಲಾರೆ. ಇತ್ತು. ಸುಳ್ಳು ಯಾಕೆ ಹೇಳಲಿ. ಟಾರು ಮೇಲೆ ಟಾರು ಹಾಕಿ ಹಾಕಿ ರಸ್ತೆ ಎತ್ತರವಾಗಿದೆ, ಕಲ್ಲು ಸೊಂಟದವರೆಗೆ ಹೂತಿದೆ. ಮೇಲೆ ಉಳಿದದ್ದಕ್ಕೆ ಪಾಚಿ. ಕಾರಿನ ಕೀಲಿಯಿಂದ ಕೆರೆದೆ. ಬೆಳಗ್ಗೆ ಕೆಳದಿಯಲ್ಲಿ ಮುನ್ನೂರು ನಾನೂರು ವರ್ಷ ಹಿಂದಿನ ಅಕ್ಷರ ಗಾಜಿನ ಹಿಂದೆ ಲಕಲಕ ಅನ್ನುತ್ತಿದ್ದದ್ದು ನೆನಪಾಯಿತು. ಇಲ್ಲಿ ನಿಮ್ಮ ಕಲ್ಲಿನಲ್ಲಿ ಕೊನೆಗೆ ಸಿಕ್ಕಿದ್ದು "ಳ್ಳಿ". ಅಂಕಿ ಇಲ್ಲ. ತೀರ್ಥಹಳ್ಳಿಯ ಳ್ಳಿಯೋ, ಬೇರೆ ಯಾವ ಹಳ್ಳಿಯ ಳ್ಳಿಯೋ. ಈ ರಾಜ್ಯದಲ್ಲಿ ಳ್ಳಿಗೇನು ಬರವೇ?

ಗೌಡ ಫೋನಿನಲ್ಲಿ ದಿಕ್ಸೂಚಿ ತೆಗೆದು ಅಕ್ಷಾಂಶ ರೇಖಾಂಶ ಓದಿದ. "ಉತ್ತರಕ್ಕೆ 13 ಡಿಗ್ರಿ..., ಪೂರ್ವಕ್ಕೆ 75 ಡಿಗ್ರಿ..."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅದು ಯಾವ ಹೋಬಳಿ?"

ಆಗ ನಕ್ಕೆವು. ಈಗಲೂ ಹೇಳಿಕೊಂಡು ನಗುತ್ತೇವೆ. ಆದರೆ ವಾಪಸ್ ಕಾರಿನ ಹತ್ತಿರ ನಡೆಯುವಾಗ, ಕತ್ತಲಾಗಿತ್ತು, ಇಬ್ಬರೂ ಮಾತಾಡಲಿಲ್ಲ. ಗೌಡನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಕೆಟ್ಟಿದ್ದು ಪೈಪು, ಸರಿ. ಬೇರೆ ಏನಾದರೂ ಆಗಿದ್ದರೆ? 108ಕ್ಕೆ ಫೋನ್ ಮಾಡಿದರೆ ಮೊದಲು ಕೇಳುವುದೇ "ಎಲ್ಲಿ?" ಅಂತ. ಒಂದು ಏರು, ಒಂದು ತಿರುವು, ಬಲಗಡೆ ಕಾಡು ಅಂತ ಹೇಳಬೇಕಾ? ಬೈಕಿನಿಂದ ಬಿದ್ದವರು, ತೋಟದಲ್ಲಿ ಹಾವು ಕಚ್ಚಿದವರು, ರಾತ್ರಿ ಹೊತ್ತು ಹೆರಿಗೆ ನೋವು ಬಂದವರು, ಇವರೆಲ್ಲ ಇದೇ ರಸ್ತೆಯವರೇ ಅಲ್ವಾ?

ಆ ರಾತ್ರಿ ನಮ್ಮನ್ನು ದಾಟಿ ಹೋದ ಕಾರುಗಳನ್ನು ಎಣಿಸಲಿಲ್ಲ, ಅವರನ್ನು ಬಯ್ಯುವುದೂ ಇಲ್ಲ. ಕತ್ತಲಲ್ಲಿ ನಾಲ್ಕು ಗಂಡಸರು ಕೈ ಬೀಸಿದರೆ ನಾನೂ ನಿಲ್ಲಿಸುತ್ತಿರಲಿಲ್ಲವೇನೋ. ನಿಂತದ್ದು ಒಂದು ಪಿಕಪ್. ಹಿಂದೆ ಅಡಿಕೆ ಮೂಟೆ, ಮುಂದೆ ಅರವತ್ತು ದಾಟಿದ ಒಬ್ಬರು, ಸೊಂಟದಲ್ಲಿ ಕತ್ತಿ. ಇಳಿಯುವ ಮೊದಲೇ ಕೇಳಿದರು.

"ಎಂತಾತು?"

ಶೆಟ್ಟಿ ಮತ್ತೆ ಮುಚ್ಚಳದ ಹತ್ತಿರ ಕೈ ಇಟ್ಟಿದ್ದ.

"ಅದನ್ನ ಮುಟ್ಟಬೇಡಿ ಮಾರಾಯ್ರೆ. ಮುಖ ಬೆಂದು ಹೋಗ್ತದೆ."

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಪತ್ರಕ್ಕೆ ಬೇಕಾಗಿಲ್ಲ, ಆದರೂ ಓದಿದ ಒಬ್ಬರಿಗೆ ಉಪಯೋಗ ಆಗಲಿ. ಮುಚ್ಚಳ ಭದ್ರವಾಗಿರುವುದರಿಂದ ಒಳಗೆ ಒತ್ತಡ ಇರುತ್ತದೆ. ಒತ್ತಡ ಇದ್ದಾಗ ನೀರು ನೂರು ಡಿಗ್ರಿಗೂ ಕುದಿಯುವುದಿಲ್ಲ, ಅದಕ್ಕಿಂತ ಮೇಲೆ ಹೋಗುತ್ತದೆ. ಮುಚ್ಚಳ ಬಿಚ್ಚಿದ ಕೂಡಲೇ ಒತ್ತಡ ಹೋಯಿತು, ಅಷ್ಟೂ ಬಿಸಿನೀರು ಒಂದೇ ಸಲ ಉಕ್ಕಿ ಹಬೆಯಾಗಿ ಎದುರಿಗಿದ್ದವನ ಮುಖಕ್ಕೆ. ಕುಕ್ಕರ್ ಹಾರಿದ ಹಾಗೆ. ಟವೆಲ್ ಗಿವೆಲ್ ಲೆಕ್ಕಕ್ಕಿಲ್ಲ. ಮುಕ್ಕಾಲು ಗಂಟೆ ಸುಮ್ನೆ ಕೂರಿಸಿದರು. ಎಲೆ ಅಡಿಕೆ ಹಾಕಿಕೊಂಡು ತಾವೂ ಕೂತರು.

ಪೈಪು ಹರಿದದ್ದು ರೇಡಿಯೇಟರಿಗೆ ಸೇರುವ ತುದಿಯಲ್ಲಿ, ಕ್ಲಿಪ್ಪಿನ ಪಕ್ಕದಲ್ಲೇ. ನಮ್ಮ ಪುಣ್ಯ. ಕ್ಲಿಪ್ ಸಡಿಲಿಸಿ, ಅದೇ ಕತ್ತಿಯಲ್ಲಿ ಹರಿದ ತುದಿಯನ್ನು ಒಂದಿಂಚು ಕತ್ತರಿಸಿ ತೆಗೆದು, ಉಳಿದ ಪೈಪನ್ನು ಎಳೆದು ಕೂರಿಸಿ ಮತ್ತೆ ಬಿಗಿ ಮಾಡಿದರು. ಹಳ್ಳದ ನೀರು ತರಲು ಭಟ್ಟನ ಮಜ್ಜಿಗೆ ಬಾಟಲಿ, ಶೆಟ್ಟಿಯ ನೀರಿನ ಬಾಟಲಿ, ಎಂಟು ಸಲ ಓಡಾಟ. ಎ.ಸಿ. ಹಾಕಬೇಡಿ, ಹೀಟರ್ ಹಾಕಿ, ಎಂಜಿನ್ನಿನ ಬಿಸಿ ಸ್ವಲ್ಪ ಒಳಗೆ ಬಂದು ಹೋಗಲಿ ಅಂದರು. ಮನೆವರೆಗೂ ನಾವು ಬೆವರುತ್ತಾ ಬಂದೆವು. ಶೆಟ್ಟಿಗೆ ತಕ್ಕ ಶಿಕ್ಷೆ.

ಕಾಯುತ್ತಾ ಕೂತಾಗ ನಾನು ಕೇಳಿದೆ, "ಇದು ಯಾವ ಜಾಗ?"

"ಇದಾ? ನೇರಳೆ ಮರದ ತಿರುವು."

ಸುತ್ತ ಟಾರ್ಚ್ ಬಿಟ್ಟು ನೋಡಿದೆ. ನೇರಳೆ ಮರ ಕಾಣಲಿಲ್ಲ.

"ಮರ ಕಡ್ದು ಎಷ್ಟೋ ವರ್ಷ ಆತು. ನನ್ನ ಅಪ್ಪನ ಕಾಲದಲ್ಲಿ ಇತ್ತು."

ಕೆಳಗಿನ ತಿರುವಿಗೆ ಬೇರೆ ಹೆಸರು, ಅದರಾಚೆ ಮೋರಿಗೆ ಇನ್ನೊಂದು, ಅವರು ಹತ್ತು ಹದಿನೈದು ಹೆಸರು ಹೇಳಿದರು, ಒಂದು ತಿರುವಿಗೂ ಹೆಸರಿಲ್ಲದೆ ಇರಲಿಲ್ಲ. ಎಲ್ಲಾ ಅವರ ತಲೆಯಲ್ಲಿದೆ. ಮೆಕ್ಯಾನಿಕ್‌ಗೆ ಗೊತ್ತಿಲ್ಲ, ಆಂಬುಲೆನ್ಸಿನ ಫೋನ್ ಎತ್ತುವವರಿಗೆ ಗೊತ್ತಿಲ್ಲ, ಅವರ ಮೊಮ್ಮಕ್ಕಳು ಬೆಂಗಳೂರಲ್ಲಿದ್ದಾರಂತೆ, ಅವರಿಗೂ ಗೊತ್ತಿಲ್ಲ. ದುಡ್ಡು ಕೊಡಲು ಹೋದರೆ ಬೈದರು. ಶೆಟ್ಟಿಯ ಕೋಡುಬಳೆ ಪ್ಯಾಕೆಟ್ ಮಾತ್ರ ತೆಗೆದುಕೊಂಡರು.

ಈಗ ನನಗೆ ಬೇಕಾದದ್ದು ಹೇಳುತ್ತೇನೆ. ಹೊಸ ಯೋಜನೆ ಬೇಡ, ಶಂಕುಸ್ಥಾಪನೆ ಬೇಡ. ನಿಯಮ ನಿಮ್ಮ ಹತ್ತಿರವೇ ಇದೆ. ಕಿಲೋಮೀಟರಿಗೊಂದು ಕಲ್ಲು, ಐದನೇ ಕಿಲೋಮೀಟರಿಗೆ ದೊಡ್ಡದು, ನಡುವೆ 200 ಮೀಟರಿಗೊಂದು ಸಣ್ಣ ಕಲ್ಲು, ಅದರ ಮೇಲೆ 2, 4, 6, 8 ಅಂತ ಅಂಕಿ. ಮೋರಿಗಳಿಗೂ ನಂಬರ್ ಹಾಕಬೇಕು, ಎಷ್ಟನೇ ಕಿಲೋಮೀಟರಿನಲ್ಲಿ ಎಷ್ಟನೇ ಮೋರಿ ಅಂತ. ಇಷ್ಟು ಓದುವ ಹಾಗಿದ್ದರೆ ಸಾಕು, ಹೊತ್ತಿಲ್ಲದ ಹೊತ್ತಿನಲ್ಲಿ ಎಲ್ಲಿದ್ದರೂ ನೂರೇ ಮೀಟರ್ ನಡೆದರೆ ಒಂದು ಅಂಕಿ ಸಿಗುತ್ತದೆ. ನಮ್ಮಲ್ಲಿ ಮಳೆ ಹೇಗೆ ಬರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಬಯಲು ಸೀಮೆಯಲ್ಲಿ ನಾಲ್ಕು ವರ್ಷ ಬರುವ ಬಣ್ಣ ಇಲ್ಲಿ ಒಂದು ಆಷಾಢಕ್ಕೆ ಮುಗಿಯುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಪ್ರತಿ ವರ್ಷ ದಸರಾ ಕಳೆದ ಮೇಲೆ ಒಂದು ಸಲ ಪಾಚಿ ಕೆರೆದು ಬಣ್ಣ ಬಳಿಯಿಸಿ. ಟಾರು ಹಾಕುವ ಗುತ್ತಿಗೆದಾರರಿಗೆ, ರಸ್ತೆ ಎತ್ತರಿಸಿದರೆ ಕಲ್ಲನ್ನೂ ಎತ್ತಿ ನೆಡಬೇಕು, ಇಲ್ಲದಿದ್ದರೆ ಬಿಲ್ ಇಲ್ಲ ಅಂತ ಹೇಳಿ. ಟವರ್ ಬರುವಾಗ ಬರಲಿ, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಫೋನ್ ಸಿಗುವ ತಿರುವಿನಲ್ಲಿ "ಇಲ್ಲಿ ಫೋನ್ ಸಿಗುತ್ತದೆ" ಅಂತ ಒಂದು ಸಣ್ಣ ಬೋರ್ಡು ಹಾಕಲು ಯಾರ ಅಪ್ಪಣೆ ಬೇಕು ಹೇಳಿ?

ಮತ್ತೆ ಆ ತಿರುವುಗಳ ಹೆಸರು. ಇದು ನಿಯಮದಲ್ಲಿಲ್ಲ, ಗೊತ್ತು. ಆದರೂ ಗ್ರಾಮ ಪಂಚಾಯಿತಿಯವರನ್ನೂ ಅಂಚೆಯವರನ್ನೂ ಲೈನ್‌ಮನ್‌ಗಳನ್ನೂ ಒಂದು ಮಧ್ಯಾಹ್ನ ಕೂರಿಸಿ ಚಹಾ ಕೊಟ್ಟು ಕೇಳಿದರೆ ಎಲ್ಲಾ ಹೆಸರೂ ಬರುತ್ತವೆ. ಬರೆದುಕೊಂಡು ಹಾಕಿಸಿ. ಕೇಳಬೇಕಾದವರಲ್ಲಿ ಬಹಳ ಜನಕ್ಕೆ ಅರವತ್ತು ದಾಟಿದೆ.

ದುಡ್ಡಿಲ್ಲ ಅಂತೀರಿ. ಅದಕ್ಕೂ ನಾವು ಮಾತಾಡಿಕೊಂಡಿದ್ದೇವೆ. ನಗರದಿಂದ ತೀರ್ಥಹಳ್ಳಿವರೆಗಿನ ಕಲ್ಲುಗಳನ್ನು ನಾವೇ ನಾಲ್ವರು ಎರಡು ಭಾನುವಾರದಲ್ಲಿ ತೊಳೆದು ಬಣ್ಣ ಬಳಿಯುತ್ತೇವೆ. ಭಟ್ಟನ ಅಕ್ಷರ ಚೆನ್ನಾಗಿದೆ, ಅವನು ಬರೆಯುತ್ತಾನೆ. ಗೌಡನ ಕೈಗೆ ಅಳತೆ ಕೊಡುವುದಿಲ್ಲ ಅಂತ ಭರವಸೆ ಕೊಡುತ್ತೇನೆ. ಕಾರಿನ ಪೈಪೂ ಹೊಸದು ಹಾಕಿಸಿದ್ದಾನೆ. ನಿಮ್ಮಿಂದ ಬೇಕಾದದ್ದು ಎರಡೇ, ಒಂದು ಅನುಮತಿ ಪತ್ರ, ಇನ್ನೊಂದು ಒಂದು ಪ್ರಶ್ನೆಗೆ ಉತ್ತರ. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ ಅಂತ ನಮಗೆ ಗೊತ್ತು. ಆ ರಾತ್ರಿ ನಾನು ಕೆರೆದ ಕಲ್ಲಿನ ತಲೆ ಮೇಲೂ ಹಸಿರೇ ಇತ್ತು, ಆದರೆ ಅದು ಪಾಚಿ. ಅಡಿಯಲ್ಲಿ ಯಾವ ಬಣ್ಣವೂ ಉಳಿದಿರಲಿಲ್ಲ. ಯಾವ ಡಬ್ಬ ತರಬೇಕು ಅಂತ ಒಂದು ಮಾತು ತಿಳಿಸಿ.

ಇಂತಿ,
ನೇರಳೆ ಮರದ ತಿರುವಿನಲ್ಲಿ ಎರಡು ಗಂಟೆ ಕೂತಿದ್ದ ತೀರ್ಥಹಳ್ಳಿಯ ನಾಲ್ವರ ಪರವಾಗಿ